ಡಿಎನ್‌ಎಗೆ ಹಿಡಿದ ಸ್ಕೇಲು: ನಾರು ಗಿಡ್ಡವಾದಾಗ ಒಳಗೆ ಏನಾಗಿರುತ್ತದೆ?

ಡಿಎನ್‌ಎಯಿಂದಲೇ ಮಾಡಿದ ಒಂದು ತೆಳು ನಾರು ಇದೆ ಅಂದುಕೊಳ್ಳಿ. ಉದ್ದ 10 ಸೆಂಟಿಮೀಟರ್. ಅದನ್ನು ಗಾಜಿನ ಕೊಳವೆಯೊಳಗೆ ತೂಗುಹಾಕಿ, ಕೆಳತುದಿಗೆ ಚೂರೇ ಚೂರು ಭಾರ ಕಟ್ಟಿದ್ದೀರಿ. ಕೊಳವೆಯ ಗಾಳಿ ಮೊದಲು ಚೆನ್ನಾಗಿ ತೇವವಾಗಿದೆ. ಈಗ ಆ ತೇವವನ್ನು ಸ್ವಲ್ಪ ಸ್ವಲ್ಪವೇ ಇಳಿಸುತ್ತಾ ಬನ್ನಿ. ಮೊದಮೊದಲು ಹೇಳಿಕೊಳ್ಳುವಂಥದ್ದು ಏನೂ ಆಗುವುದಿಲ್ಲ. ಆಮೇಲೆ ಒಂದು ಹಂತ ಬರುತ್ತದೆ, ಅಲ್ಲಿಂದ ನಾರು ಗಿಡ್ಡವಾಗಲು ಶುರುವಾಗುತ್ತದೆ. ಏಳೂವರೆ ಸೆಂಟಿಮೀಟರಿನ ಆಸುಪಾಸಿಗೆ ಬಂದು ನಿಂತರೂ ನಿಲ್ಲಬಹುದು. ತೇವ ಮತ್ತೆ ಏರಿಸಿದರೆ ನಾರೂ ಮತ್ತೆ ಉದ್ದವಾಗುತ್ತದೆ.

ಇಷ್ಟು ನೋಡಲು ಸೂಕ್ಷ್ಮದರ್ಶಕ ಬೇಡ. ಒಂದು ಸ್ಕೇಲು ಸಾಕು. ಆದರೆ ಒಳಗೆ ಬದಲಾದದ್ದು ಎಷ್ಟು ಸಣ್ಣದು ಗೊತ್ತಾ? ಡಿಎನ್‌ಎಯ ಒಂದೊಂದು ಮೆಟ್ಟಿಲಿನ ಎತ್ತರ 0.34 ನ್ಯಾನೋಮೀಟರಿನಿಂದ ಸುಮಾರು 0.256 ನ್ಯಾನೋಮೀಟರಿಗೆ ಇಳಿದಿದೆ. ವ್ಯತ್ಯಾಸ 0.084 ನ್ಯಾನೋಮೀಟರ್. ಅಂದರೆ ಒಂದು ಪರಮಾಣುವಿನ ಅಗಲಕ್ಕಿಂತಲೂ ಕಡಿಮೆ. ಹನಿ ಹನಿ ಕೂಡಿದರೆ ಹಳ್ಳ ಅಂತಾರಲ್ಲ, ಇಲ್ಲಿ ನಡೆದಿರುವುದು ಅದೇ. ಹತ್ತು ಸೆಂಟಿಮೀಟರಿನ ನಾರಿನಲ್ಲಿ ತುದಿಯಿಂದ ತುದಿಗೆ ಸುಮಾರು 29 ಕೋಟಿ ಮೆಟ್ಟಿಲುಗಳಿವೆ. ಒಂದೊಂದೂ 0.084 ನ್ಯಾನೋಮೀಟರ್ ಕುಗ್ಗಿದರೆ ಒಟ್ಟು ಎರಡೂವರೆ ಸೆಂಟಿಮೀಟರ್ ಆಗುತ್ತದೆ.

ಡಿಎನ್‌ಎ ನಾರನ್ನು ಎಳೆದು, ತೂಗಿ, ತಿರುಚಿ ಅದರ ಒಳರಚನೆಯನ್ನು ಊಹಿಸುವ ವಿದ್ಯೆ ನಿಂತಿರುವುದು ಈ ಗುಣಾಕಾರದ ಮೇಲೆ. ಲೆಕ್ಕ ಸುಲಭ. ತಲೆನೋವು ಬೇರೆ ಕಡೆ ಇದೆ. ಉದ್ದ ಬದಲಾಯಿತು ಅಂತ ಸ್ಕೇಲು ಹೇಳುತ್ತದೆ. ಯಾಕೆ ಬದಲಾಯಿತು ಅಂತ ಅದು ಹೇಳುವುದಿಲ್ಲ. ಅದನ್ನು ಬೇರೆ ಬೇರೆ ರೀತಿಯಲ್ಲಿ ಕೇಳಿ ಕೇಳಿ ಬಾಯಿ ಬಿಡಿಸಬೇಕು.

ಒಂದೇ ಏಣಿ, ಎರಡು ಭಂಗಿ

ಡಿಎನ್‌ಎಯನ್ನು ತಿರುಚಿದ ಏಣಿ ಅನ್ನುವುದು ಹಳೆಯ ಹೋಲಿಕೆ. ಇಲ್ಲಿ ಅದು ಕೆಲಸಕ್ಕೆ ಬರುತ್ತದೆ. ಏಣಿಯ ಎರಡು ಪಕ್ಕದ ಕಂಬಗಳು ಸಕ್ಕರೆ ಮತ್ತು ಫಾಸ್ಫೇಟ್‌ಗಳ ಸರಪಳಿಗಳು. ನಡುವಿನ ಮೆಟ್ಟಿಲುಗಳು ಬೇಸ್ ಜೋಡಿಗಳು. ಸಾಕಷ್ಟು ನೀರಿದ್ದಾಗ ಏಣಿ ಬಿ ರೂಪದಲ್ಲಿರುತ್ತದೆ. ಮೆಟ್ಟಿಲುಗಳು ನಡುವಿನ ಅಕ್ಷಕ್ಕೆ ಹೆಚ್ಚುಕಡಿಮೆ ಅಡ್ಡಲಾಗಿರುತ್ತವೆ, ಒಂದು ಸುತ್ತಿಗೆ ಸುಮಾರು ಹತ್ತು ಬರುತ್ತವೆ. ಪಠ್ಯಪುಸ್ತಕದ ಚಿತ್ರಗಳಲ್ಲಿ ನಾವು ನೋಡುವುದು ಇದನ್ನೇ.

ನೀರು ಕಡಿಮೆಯಾದರೆ ಅದೇ ಏಣಿ ಎ ರೂಪಕ್ಕೆ ಹೋಗುತ್ತದೆ. ಯಾವ ರಾಸಾಯನಿಕ ಬಂಧವೂ ಮುರಿಯುವುದಿಲ್ಲ. ಸಕ್ಕರೆಯ ಐದು ಮೂಲೆಯ ಉಂಗುರ ಸ್ವಲ್ಪ ಬೇರೆ ರೀತಿಯಲ್ಲಿ ಮಡಚಿಕೊಳ್ಳುತ್ತದೆ, ಅಷ್ಟೇ. ಆದರೆ ಆ ಮಡಿಕೆಯಿಂದ ಒಂದೇ ಸರಪಳಿಯ ಪಕ್ಕಪಕ್ಕದ ಫಾಸ್ಫೇಟ್‌ಗಳ ನಡುವಿನ ದೂರ ಸುಮಾರು 0.7 ನ್ಯಾನೋಮೀಟರಿನಿಂದ 0.59ಕ್ಕೆ ಇಳಿಯುತ್ತದೆ. ಮೆಟ್ಟಿಲುಗಳು ಸುಮಾರು 20 ಡಿಗ್ರಿ ವಾಲಿಕೊಂಡು, ನಡುವಿನ ಅಕ್ಷದಿಂದ ಪಕ್ಕಕ್ಕೆ ಸರಿಯುತ್ತವೆ. ಸುತ್ತಿಗೆ ಹನ್ನೊಂದು ಮೆಟ್ಟಿಲು ಬರುತ್ತವೆ. ಏಣಿ ಗಿಡ್ಡ ಆಗುತ್ತದೆ, ಸ್ವಲ್ಪ ದಪ್ಪವೂ ಆಗುತ್ತದೆ.

ನೀರಿಗೂ ಇದಕ್ಕೂ ಏನು ಸಂಬಂಧ? ಫಾಸ್ಫೇಟ್‌ಗಳಿಗೆ ಋಣ ವಿದ್ಯುದಂಶ ಇದೆ, ಸುತ್ತ ನೀರು ಬೇಕೇ ಬೇಕು. ನೀರು ಧಾರಾಳವಾಗಿದ್ದರೆ ಪ್ರತಿ ಫಾಸ್ಫೇಟ್ ತನ್ನದೇ ನೀರನ್ನು ಇಟ್ಟುಕೊಂಡು ದೂರ ದೂರ ಇರಬಹುದು. ನೀರಿಗೆ ಬರ ಬಂದಾಗ ಹಂಚಿಕೊಳ್ಳಬೇಕು. ಹತ್ತಿರ ಬಂದರೆ ಒಂದೇ ನೀರಿನ ಅಣು ಎರಡು ಫಾಸ್ಫೇಟ್‌ಗಳಿಗೆ ಸೇತುವೆಯಂತೆ ನಿಲ್ಲಬಲ್ಲದು. ಎ ರೂಪ ಅಂದರೆ ನೀರಿನ ಉಳಿತಾಯದ ಭಂಗಿ ಅಂದರೂ ನಡೆಯುತ್ತದೆ.

ಹಾಗಾದರೆ ಎ ರೂಪ ಬರೀ ಪ್ರಯೋಗಾಲಯದ ಆಟವಾ ಅಂತ ಕೇಳಬಹುದು. ಅಲ್ಲ. ಬಿಸಿ ಮತ್ತು ಆಮ್ಲ ತುಂಬಿದ ಬುಗ್ಗೆಗಳ ಸೂಕ್ಷ್ಮಜೀವಿಗಳನ್ನು ಹಿಡಿಯುವ ಒಂದು ಕಡ್ಡಿಯಾಕಾರದ ವೈರಸ್ ತನ್ನ ಡಿಎನ್‌ಎಯನ್ನು ಪೂರ್ತಿ ಎ ರೂಪದಲ್ಲೇ ಇಟ್ಟುಕೊಂಡಿರುತ್ತದೆ ಅಂತ 2015ರಲ್ಲಿ ಗೊತ್ತಾಯಿತು.

ಹಗ್ಗ ಎಳೆದವರು

ಡಿಎನ್‌ಎ ನಾರಿನ ಮೇಲೆ ಎಕ್ಸ್-ರೇ ಹಾಯಿಸಿ ಮೆಟ್ಟಿಲುಗಳ ಅಂತರವನ್ನು ಮೊದಲು ಅಳೆದವರು ಇಂಗ್ಲೆಂಡಿನ ಲೀಡ್ಸ್‌ನಲ್ಲಿದ್ದ ವಿಲಿಯಂ ಆಸ್ಟ್‌ಬರಿ ಮತ್ತು ಫ್ಲಾರೆನ್ಸ್ ಬೆಲ್, 1938ರಲ್ಲಿ. ಅವರ ಚಿತ್ರ ಮಸುಕಾಗಿತ್ತು. ಎ ಮತ್ತು ಬಿ ಎರಡೂ ಒಂದರಲ್ಲೊಂದು ಬೆರೆತುಹೋಗಿದ್ದವು ಅನ್ನುವುದು ಆಮೇಲೆ ತಿಳಿಯಿತು.

1950ರಲ್ಲಿ ಬರ್ನ್‌ನ ರುಡಾಲ್ಫ್ ಸಿಗ್ನರ್ ತುಂಬ ಚೆನ್ನಾಗಿ ಶುದ್ಧ ಮಾಡಿದ ಡಿಎನ್‌ಎಯನ್ನು ಹಂಚಿದರು. ಅದರಲ್ಲಿ ಸ್ವಲ್ಪ ಲಂಡನ್ನಿನ ಕಿಂಗ್ಸ್ ಕಾಲೇಜಿನ ಮಾರಿಸ್ ವಿಲ್ಕಿನ್ಸ್ ಕೈಗೂ ಬಂತು. ಆ ಅಂಟಂಟು ಮುದ್ದೆಗೆ ಕಡ್ಡಿ ತಾಗಿಸಿ ಎತ್ತಿದರೆ ಜೇಡನ ಎಳೆಯಂಥ ನಾರು ಬರುತ್ತಿತ್ತು. ಅದನ್ನು ಎಳೆದು ನೋಡಿದಾಗ ಒಂದು ವಿಚಿತ್ರ ಕಂಡಿತು. ನಾರು ಎಲ್ಲ ಕಡೆ ಸಮನಾಗಿ ಹಿಗ್ಗಲಿಲ್ಲ. ಒಂದು ಕಡೆ ಇದ್ದಕ್ಕಿದ್ದಂತೆ ಸಣ್ಣ ಕುತ್ತಿಗೆಯಂತೆ ತೆಳುವಾಯಿತು, ಆ ಕುತ್ತಿಗೆಯೇ ಬೆಳೆಯುತ್ತಾ ಹೋಯಿತು. ಹಿಗ್ಗಿದ ಭಾಗದ ಉದ್ದ ಮೊದಲಿನ ಸುಮಾರು ಎರಡರಷ್ಟು. ಬೆಳಕಿನ ಜೊತೆ ಅದು ನಡೆದುಕೊಳ್ಳುವ ರೀತಿಯೂ ಬದಲಾಗಿತ್ತು, ಅಂದರೆ ಬೇಸ್‌ಗಳು ವಾಲಿರಬೇಕು. 1951ರಲ್ಲಿ ವಿಲ್ಕಿನ್ಸ್, ಗಾಸ್ಲಿಂಗ್ ಮತ್ತು ಸೀಡ್ಸ್ ಇದನ್ನು ಪ್ರಕಟಿಸಿದಾಗ ‘ಇದು ಹಿಗ್ಗಬಲ್ಲ ಅಣುವೇ?’ ಅಂತ ತಲೆಬರಹದಲ್ಲೇ ಕೇಳಿದ್ದರು. ಈ ಪ್ರಶ್ನೆಗೆ ಮತ್ತೆ ಬರೋಣ.

ಅದೇ ವರ್ಷ ರೊಸಾಲಿಂಡ್ ಫ್ರಾಂಕ್ಲಿನ್ ಕಿಂಗ್ಸ್ ಕಾಲೇಜಿಗೆ ಬಂದರು. ಗಾಸ್ಲಿಂಗ್ ಜೊತೆ ಸೇರಿ ನಾರಿನ ಸುತ್ತಲಿನ ತೇವವನ್ನು ಕಟ್ಟುನಿಟ್ಟಾಗಿ ಹಿಡಿತದಲ್ಲಿಟ್ಟರು. ಇದೇ ದೊಡ್ಡ ಹೆಜ್ಜೆ ಅಂತ ನನಗನ್ನಿಸುತ್ತದೆ. ಸಾಪೇಕ್ಷ ತೇವಾಂಶ ಶೇ 75ರ ಸುಮಾರಿಗಿದ್ದಾಗ ಒಂದು ಚಿತ್ರ, ಶೇ 92 ದಾಟಿದರೆ ಇನ್ನೊಂದು ಚಿತ್ರ. ಮೊದಲನೆಯದಕ್ಕೆ ಎ, ಎರಡನೆಯದಕ್ಕೆ ಬಿ ಅಂತ ಹೆಸರು. ಒಂದರಿಂದ ಇನ್ನೊಂದಕ್ಕೆ ಹೋಗಿ ಮರಳಿ ಬರಬಹುದು, ಪ್ರತಿ ಸಲವೂ ನಾರಿನ ಉದ್ದ ಬದಲಾಗುತ್ತದೆ. ಎಕ್ಸ್-ರೇ ಚಿತ್ರ ಎಷ್ಟು ಮುಖ್ಯವೋ ಈ ಉದ್ದದ ಬದಲಾವಣೆಯೂ ಅಷ್ಟೇ ಮುಖ್ಯ ಸುಳಿವಾಗಿತ್ತು. ಹಿಗ್ಗಿ ಕುಗ್ಗುವ ವಸ್ತು ಅಂದರೆ ಒಳಗೆ ಸುರುಳಿಯಂಥದ್ದು ಏನೋ ಇರಬೇಕು, ಅಲ್ವಾ?

ತೇವಾಂಶವನ್ನು ಒಂದೇ ಮಟ್ಟದಲ್ಲಿ ಹಿಡಿದಿಡುವ ಉಪಾಯ ಬಹಳ ಸರಳ. ನೀರಿಗೆ ಇನ್ನು ಕರಗದು ಅನ್ನುವಷ್ಟು ಸೋಡಿಯಂ ಕ್ಲೋರೈಡ್ ಹಾಕಿ ಮುಚ್ಚಿದ ಡಬ್ಬಿಯಲ್ಲಿಟ್ಟರೆ ಮೇಲಿನ ಗಾಳಿಯ ತೇವಾಂಶ ಶೇ 75ಕ್ಕೆ ಬಂದು ನಿಲ್ಲುತ್ತದೆ. ಬೇರೆ ಲವಣ ಹಾಕಿದರೆ ಬೇರೆ ಮಟ್ಟ. ಸಾಧನ ಅಗ್ಗ, ನಿಖರತೆ ಜಾಸ್ತಿ.

ನೂಲುವುದು, ಅದ್ದುವುದು, ಕಾಯುವುದು

ಕಡ್ಡಿಯಿಂದ ಎಳೆದ ಒಂಟಿ ನಾರು ಎಕ್ಸ್-ರೇಗೆ ಸಾಕು. ಮೆಕ್ಯಾನಿಕಲ್ ಅಳತೆಗೆ ಸಾಲದು. ಪ್ರತಿ ಸಲ ಒಂದೊಂದು ದಪ್ಪ ಬಂದರೆ ಏನನ್ನು ಏನಕ್ಕೆ ಹೋಲಿಸುವುದು? ಇದಕ್ಕೆ ಪರಿಹಾರ ಕೊಟ್ಟವರು ಸ್ವೀಡನ್ನಿನ ಅಲನ್ ರುಪ್ರೆಕ್ಟ್. 1960ರ ದಶಕದಲ್ಲಿ ಅವರು ಡಿಎನ್‌ಎಯನ್ನು ಕೃತಕ ನೂಲಿನಂತೆ ನೂಲುವ ವಿಧಾನ ರೂಪಿಸಿದರು. ಡಿಎನ್‌ಎ ದ್ರಾವಣವನ್ನು ಸಣ್ಣ ಸಣ್ಣ ತೂತುಗಳಿಂದ ಆಲ್ಕೋಹಾಲ್ ಬೆರೆತ ನೀರಿನೊಳಕ್ಕೆ ಒತ್ತಬೇಕು. ಆಲ್ಕೋಹಾಲ್‌ನಲ್ಲಿ ಡಿಎನ್‌ಎ ಕರಗದು, ಹೊರಬಂದ ಕೂಡಲೇ ಗಟ್ಟಿಯಾಗಿ ನಾರಾಗುತ್ತದೆ. ತಿರುಗುವ ಉರುಳೆಗೆ ಆ ನಾರುಗಳನ್ನು ಸುತ್ತಿಕೊಳ್ಳಬೇಕು. ಸುತ್ತುವಾಗಿನ ಎಳೆತಕ್ಕೆ ಅಣುಗಳು ಒಂದೇ ದಿಕ್ಕಿಗೆ ಮಲಗುತ್ತವೆ. ಕೊನೆಗೆ ಸಿಗುವುದು ಎಲ್ಲ ಅಣುಗಳೂ ಬಾಚಿದ ಕೂದಲಿನಂತೆ ಸಾಲಾಗಿರುವ ಒಂದು ಪದರ. ಅದರಿಂದ ಒಂದೇ ಥರದ ಕಟ್ಟುಗಳನ್ನು ಎಷ್ಟು ಬೇಕಾದರೂ ಕತ್ತರಿಸಿಕೊಳ್ಳಬಹುದು.

ಈ ಕಟ್ಟನ್ನು ಎಥನಾಲ್ ಬೆರೆಸಿದ ನೀರಿನಲ್ಲಿ ಮುಳುಗಿಸಿ, ಒಂದು ತುದಿ ಬಿಗಿದು, ಇನ್ನೊಂದು ತುದಿಗೆ ಸಣ್ಣ ಭಾರ ಕಟ್ಟಿ ಉದ್ದ ಅಳೆಯುತ್ತಾರೆ. ಗಾಳಿಯ ತೇವ ಬದಲಿಸುವ ಬದಲು ಎಥನಾಲ್ ಪ್ರಮಾಣ ಬದಲಿಸುವುದು. ಎರಡೂ ಕಡೆ ನಡೆಯುವುದು ಒಂದೇ, ಡಿಎನ್‌ಎ ಕೈಗೆ ಸಿಗುವ ನೀರು ಕಡಿಮೆಯಾಗುವುದು. ಫಾಸ್ಫೇಟ್‌ಗಳ ಋಣ ವಿದ್ಯುದಂಶಕ್ಕೆ ಜೋಡಿಯಾಗಿ ಸೋಡಿಯಂ ಇರುವ ಡಿಎನ್‌ಎಯಲ್ಲಿ ಎಥನಾಲ್ ಶೇ 75ರಿಂದ 80ರ ನಡುವೆ ಬಂದಾಗ ಕಟ್ಟು ಕುಗ್ಗುತ್ತದೆ. ಬಿ ಹೋಗಿ ಎ ಬಂತು ಅಂತ ಅರ್ಥ.

ಇಲ್ಲಿ ಸೋಡಿಯಂ ಜಾಗಕ್ಕೆ ಲಿಥಿಯಂ ತನ್ನಿ, ಆಟವೇ ಬದಲಾಗುತ್ತದೆ. ಲಿಥಿಯಂ ಡಿಎನ್‌ಎ ಎ ರೂಪಕ್ಕೆ ಹೋಗಲು ಒಪ್ಪುವುದಿಲ್ಲ. ಒಣಗಿಸಿದರೆ ಬಿ ರೂಪದ ಹತ್ತಿರದ ನೆಂಟನಾದ ಸಿ ರೂಪಕ್ಕೆ ಹೋಗುತ್ತದೆ, ಅಲ್ಲಿ ಸುತ್ತಿಗೆ ಹತ್ತಕ್ಕಿಂತ ಕಡಿಮೆ ಮೆಟ್ಟಿಲು. ಇದು ಬರೀ ಕುತೂಹಲದ ವಿಷಯ ಅಲ್ಲ. ಅಳತೆ ಮಾಡುವವರಿಗೆ ಇದೊಂದು ವರ. ಸೋಡಿಯಂ ನಾರಿನಲ್ಲಿ ಕಂಡ ಕುಗ್ಗುವಿಕೆ ನಿಜವಾಗಿಯೂ ಎ ರೂಪದಿಂದಲೇ ಬಂದದ್ದಾ, ಇಲ್ಲಾ ಸುಮ್ನೆ ಒಣಗಿದ್ದಕ್ಕೆ ಬಂದದ್ದಾ? ಅದೇ ದಪ್ಪದ ಲಿಥಿಯಂ ನಾರನ್ನು ಪಕ್ಕದಲ್ಲಿಟ್ಟು ನೋಡಿದರೆ ಗೊತ್ತಾಗುತ್ತದೆ.

ಬಿಸಿ ಮಾಡಿದರೆ ಇನ್ನೊಂದು ಕಥೆ. ಒಂದು ಉಷ್ಣತೆ ದಾಟಿದ ಮೇಲೆ ಎರಡು ಎಳೆಗಳ ನಡುವಿನ ಹಿಡಿತ ಸಡಿಲವಾಗಿ ಏಣಿ ಬಿಚ್ಚಿಕೊಳ್ಳುತ್ತದೆ. ಬಿಚ್ಚಿದ ಒಂಟಿ ಎಳೆ ನೆಟ್ಟಗೆ ನಿಲ್ಲುವ ಜಾತಿಯದಲ್ಲ, ಮುದುಡಿಕೊಳ್ಳುತ್ತದೆ. ಆಗ ನಾರು ಬಿ ಇಂದ ಎ ಗೆ ಹೋದಾಗಿನಷ್ಟು ಮಾತ್ರ ಅಲ್ಲ, ಅದಕ್ಕಿಂತ ಎಷ್ಟೋ ಜಾಸ್ತಿ ಕುಗ್ಗುತ್ತದೆ. ಮೊದಲಿನ ಅಂದಕ್ಕೆ ಮರಳುವುದೂ ಇಲ್ಲ. ಹೀಗೆ ಕುಗ್ಗಿದ ಪ್ರಮಾಣವೇ ಒಂದು ಗುರುತು. ಶೇ 25ರ ಒಳಗಿದ್ದು, ಹಿಂದಕ್ಕೂ ಬಂದರೆ ಭಂಗಿ ಬದಲಾವಣೆ. ಅದು ಮೀರಿ, ಮರಳದೆ ಹೋದರೆ ಏಣಿಯೇ ಬಿಚ್ಚಿದೆ.

ಹಿಗ್ಗುವ ಕಡೆಗೂ ಇಂಥ ಗುರುತುಗಳಿವೆ. ಎಥಿಡಿಯಂನಂಥ ಚಪ್ಪಟೆ ಅಣುಗಳು ಎರಡು ಮೆಟ್ಟಿಲುಗಳ ನಡುವೆ ನುಸುಳಿ ಕೂರುತ್ತವೆ. ಹಾಗೆ ಕೂತ ಪ್ರತಿಯೊಂದೂ ಏಣಿಗೆ ಸುಮಾರು ಇನ್ನೊಂದು ಮೆಟ್ಟಿಲಿನಷ್ಟು ಎತ್ತರ ಸೇರಿಸುತ್ತದೆ, ಜೊತೆಗೆ 26 ಡಿಗ್ರಿಯಷ್ಟು ತಿರುಚು ಬಿಚ್ಚುತ್ತದೆ. ಸಾಮಾನ್ಯವಾಗಿ ಒಂದು ಸಂದಿ ತುಂಬಿದರೆ ಪಕ್ಕದ ಸಂದಿ ಖಾಲಿ ಉಳಿಯಬೇಕು. ಹಾಗಾಗಿ ತುಂಬಾ ಅಂದರೆ ತುಂಬಾ ಏಣಿ ಒಂದೂವರೆ ಪಟ್ಟು ಉದ್ದವಾಗಬಹುದು. ಡಿಎನ್‌ಎಗೆ ಅಂಟುವ ಔಷಧಗಳಲ್ಲಿ ಯಾವುದು ಮೆಟ್ಟಿಲುಗಳ ನಡುವೆ ನುಗ್ಗುತ್ತದೆ, ಯಾವುದು ಏಣಿಯ ಹೊರಮೈಯಲ್ಲಿ ಸುತ್ತಿಕೊಂಡು ಹೋಗುವ ಕಾಲುವೆಯಂಥ ತಗ್ಗಿನಲ್ಲಿ ಕೂರುತ್ತದೆ ಅನ್ನುವುದಕ್ಕೆ ಉದ್ದ ಒಳ್ಳೆಯ ಸಾಕ್ಷಿ.

ಸ್ಕೇಲು ಯಾವಾಗ ದಾರಿ ತಪ್ಪಿಸುತ್ತದೆ

ಮೇಲೆ ಹೇಳಿದ್ದೆಲ್ಲ ನಾರಿನೊಳಗೆ ಅಣುಗಳು ಕಡ್ಡಿಪೆಟ್ಟಿಗೆಯ ಕಡ್ಡಿಗಳಂತೆ ಅಚ್ಚುಕಟ್ಟಾಗಿದ್ದರೆ ಸರಿ. ನಿಜದಲ್ಲಿ ಹಾಗಿರುವುದಿಲ್ಲ. ಕೆಲವು ಜಾಗ ಹರಳಿನಂತೆ ಒಪ್ಪವಾಗಿರುತ್ತದೆ, ಕೆಲವು ಜಾಗ ಗೋಜಲು. ಗೋಜಲಿನ ಭಾಗ ನೀರು ಕುಡಿದು ಉಬ್ಬಿದಾಗ ಅಣುಗಳು ದಿಕ್ಕು ತಪ್ಪುತ್ತವೆ. ದಿಕ್ಕು ತಪ್ಪಿದರೆ ನಾರು ಗಿಡ್ಡವಾಗುತ್ತದೆ. ಅಂದರೆ ಒಣಗಿ ಎ ರೂಪಕ್ಕೆ ಹೋದರೂ ಗಿಡ್ಡ, ನೀರು ಜಾಸ್ತಿಯಾಗಿ ಅಣುಗಳು ಚದುರಿದರೂ ಗಿಡ್ಡ! ಕಾರಣ ಪೂರಾ ಉಲ್ಟಾ, ಸ್ಕೇಲಿನಲ್ಲಿ ಕಾಣುವುದು ಒಂದೇ.

ಹೀಗಾಗಿ ಅನುಭವ ಇದ್ದವರು ಉದ್ದ ಒಂದನ್ನೇ ನಂಬುವುದಿಲ್ಲ. ದಪ್ಪವನ್ನೂ ಅಳೆಯುತ್ತಾರೆ, ತೂಕ ನೋಡಿ ನೀರು ಎಷ್ಟು ಹೀರಿದೆ ಅಂತ ಲೆಕ್ಕ ಹಾಕುತ್ತಾರೆ. ನಾರಿನ ಬಿಗುವನ್ನೂ ಪರೀಕ್ಷಿಸುತ್ತಾರೆ. ನಾರನ್ನು ಮೆಲ್ಲಗೆ ಅದುರಿಸಿ ಯಾವ ವೇಗದಲ್ಲಿ ಕಂಪಿಸುತ್ತದೆ ಅಂತ ನೋಡುವುದು ಒಂದು ದಾರಿ. ವೀಣೆಯ ತಂತಿ ಬಿಗಿದಷ್ಟೂ ಸ್ವರ ಏರುವ ಹಾಗೆ, ಗಟ್ಟಿ ನಾರು ವೇಗವಾಗಿ ಕಂಪಿಸುತ್ತದೆ. ಒಣ ಡಿಎನ್‌ಎ ಗಾಜಿನಂತೆ ಬಿರುಸು. ನೀರು ಸೇರಿದಷ್ಟೂ ಮೆದು. ಭಂಗಿ ಬದಲಾಗುವ ಹಂತದಲ್ಲಿ ಇನ್ನೊಂದು ಸುಳಿವು ಸಿಗುತ್ತದೆ. ಅಲ್ಲಿ ನಾರು ಎರಡು ಮನಸ್ಸಿನಲ್ಲಿರುತ್ತದೆ, ಅರ್ಧ ಮೆಟ್ಟಿಲುಗಳು ಎ, ಅರ್ಧ ಬಿ. ಸ್ವಲ್ಪ ಎಳೆದರೂ ಒಂದಷ್ಟು ಎ ಮೆಟ್ಟಿಲುಗಳು ಬಿ ಗೆ ಹಾರಿ ಉದ್ದ ಕೊಟ್ಟುಬಿಡುತ್ತವೆ. ಬರೀ ನೀರಿನಿಂದ ಮೆದುವಾಗುವ ನಾರಿಗೆ ಇಂಥ ಗುಣ ಬರುವುದಿಲ್ಲ.

ಇದರಿಂದ ಇನ್ನೊಂದು ಮಾತು ತಾನಾಗಿ ಹೊರಡುತ್ತದೆ. ಭಾರ ಜಾಸ್ತಿ ಕಟ್ಟಿದರೆ ಉದ್ದದ ರೂಪಕ್ಕೆ, ಅಂದರೆ ಬಿ ಗೆ, ಅನುಕೂಲ. ಅದನ್ನು ಎ ಗೆ ತರಲು ಇನ್ನೂ ಒಣಗಿಸಬೇಕು. ಒತ್ತಡ ಏರಿದಂತೆ ನೀರಿನ ಕುದಿಬಿಂದು ಏರುವುದಿಲ್ಲವಾ, ಅದೇ ತರ್ಕ. ಭಾರ ಬದಲಿಸಿದಾಗ ಬದಲಾವಣೆಯ ಹಂತ ಎಷ್ಟು ಸರಿಯುತ್ತದೆ ಅಂತ ನೋಡಿದರೆ ಎರಡು ರೂಪಗಳ ನಡುವಿನ ಶಕ್ತಿಯ ಲೆಕ್ಕ ಸಿಗುತ್ತದೆ.

ಹೋಗುವಾಗಿನ ದಾರಿ ಬರುವಾಗ ಇರುವುದಿಲ್ಲ ಅನ್ನುವುದೂ ಒಂದು ಕಾಟ. ಒಣಗಿಸುತ್ತಾ ಹೋದಾಗ ಕುಗ್ಗಿದ ಹಂತಕ್ಕೂ ತೇವ ಮಾಡುತ್ತಾ ಬಂದಾಗ ಹಿಗ್ಗುವ ಹಂತಕ್ಕೂ ವ್ಯತ್ಯಾಸ ಇರುತ್ತದೆ. ಅವಸರ ಮಾಡಿದರೆ ವ್ಯತ್ಯಾಸ ಇನ್ನೂ ಜಾಸ್ತಿ. ಒಂದೊಂದು ಹಂತದಲ್ಲೂ ನಾರು ನಿಲ್ಲುವವರೆಗೆ ಕಾಯದೆ ಬೇರೆ ದಾರಿಯಿಲ್ಲ.

ಒಂದು ಗ್ರಾಂ ಭಾರ, 40 ಕೋಟಿ ಅಣು

ನಾರಿಗೆ ಕಟ್ಟಿದ ಭಾರ ಒಂದೊಂದು ಅಣುವಿಗೆ ಎಷ್ಟು ತಟ್ಟುತ್ತದೆ? ಇದನ್ನು ಕಾಗದದ ಮೇಲೆ ಲೆಕ್ಕ ಹಾಕಬಹುದು. ನಾರಿನ ಅಡ್ಡಳತೆ 50 ಮೈಕ್ರೋಮೀಟರ್ ಇರಲಿ. ಅದರ ಅಡ್ಡಕೊಯ್ತದ ವಿಸ್ತೀರ್ಣ ಸುಮಾರು 2,000 ಚದರ ಮೈಕ್ರೋಮೀಟರ್. ಒತ್ತಾಗಿ ಜೋಡಿಸಿದರೆ ಒಂದು ಡಿಎನ್‌ಎ ಅಣುವಿಗೆ ಸುಮಾರು 5 ಚದರ ನ್ಯಾನೋಮೀಟರ್ ಜಾಗ ಬೇಕು. ಭಾಗಿಸಿದರೆ ಸುಮಾರು 40 ಕೋಟಿ ಅಣುಗಳು ಪಕ್ಕಪಕ್ಕ. ಒಂದು ಗ್ರಾಂ ಭಾರವನ್ನು ಅವು ಸಮನಾಗಿ ಹಂಚಿಕೊಂಡರೆ ಒಂದೊಂದಕ್ಕೆ ಬರುವುದು 25 ಪಿಕೋನ್ಯೂಟನ್. ಒಂದು ನ್ಯೂಟನ್ನನ್ನು ಲಕ್ಷ ಕೋಟಿಯಿಂದ ಭಾಗಿಸಿದರೆ ಸಿಗುವ ಚೂರು ಒಂದು ಪಿಕೋನ್ಯೂಟನ್.

ಸಮನಾಗಿ ಹಂಚಿಕೊಂಡರೆ ಅನ್ನುವ ಮಾತಿನ ಮೇಲೆ ಕಣ್ಣಿರಲಿ. ಅಣುಗಳು ನಾರಿನಷ್ಟು ಉದ್ದ ಇರುವುದಿಲ್ಲ. ಹಗ್ಗದಲ್ಲಿ ತುಂಡು ತುಂಡು ನಾರುಗಳು ಒಂದಕ್ಕೊಂದು ಉಜ್ಜಿಕೊಂಡು ಭಾರ ದಾಟಿಸುವಂತೆ ಇಲ್ಲೂ ದಾಟಿಸುತ್ತವೆ. ಎಲ್ಲಿ ಎಷ್ಟು ಬಿತ್ತು ಅಂತ ಹೇಳುವುದು ಕಷ್ಟ.

ಒಂದೇ ಅಣುವನ್ನು ಹಿಡಿದು ಎಳೆಯುವ ಆಸೆ ಹುಟ್ಟಿದ್ದು ಇದಕ್ಕೇ. 1992ರಲ್ಲಿ ಸ್ಮಿತ್, ಫಿಂಜಿ ಮತ್ತು ಬುಸ್ತಮಾಂಟೆ ಅದನ್ನು ಮಾಡಿ ತೋರಿಸಿದರು. ಡಿಎನ್‌ಎಯ ಒಂದು ತುದಿ ಗಾಜಿಗೆ, ಇನ್ನೊಂದು ತುದಿ ಅಯಸ್ಕಾಂತಕ್ಕೆ ಓಗೊಡುವ ಪುಟ್ಟ ಮಣಿಗೆ. ಆಮೇಲೆ ಲೇಸರ್ ಬೆಳಕಿನಿಂದಲೇ ಮಣಿ ಹಿಡಿಯುವ ಚಿಮುಟಗಳು ಬಂದವು. ಅದರ ಮೂಲ ವಿದ್ಯೆಗೆ ಆರ್ಥರ್ ಆಶ್‌ಕಿನ್ 2018ರಲ್ಲಿ ನೊಬೆಲ್ ಪಡೆದರು.

1996ರಲ್ಲಿ ಎರಡು ತಂಡಗಳು ಒಂದೇ ಅಣುವನ್ನು ಜೋರಾಗಿ ಎಳೆದು ನೋಡಿದವು. ಮೊದಲು ಸ್ವಲ್ಪ ಬಲಕ್ಕೇ ಮುದುಡಿದ್ದ ಅಣು ನೆಟ್ಟಗಾಗುತ್ತದೆ. ಆಮೇಲೆ ಗಟ್ಟಿ ಸ್ಪ್ರಿಂಗ್‌ನಂತೆ ಹಟ ಹಿಡಿಯುತ್ತದೆ. ಬಲ ಸುಮಾರು 65 ಪಿಕೋನ್ಯೂಟನ್ ತಲುಪಿದ ಕೂಡಲೇ ಹಟ ಬಿಟ್ಟು, ಹೆಚ್ಚುಕಡಿಮೆ ಅದೇ ಬಲದಲ್ಲಿ 1.7 ಪಟ್ಟು ಉದ್ದವಾಗುತ್ತದೆ. ಪ್ಯಾರಿಸ್ ತಂಡ ತನ್ನ ಪ್ರಬಂಧದ ತಲೆಬರಹದಲ್ಲಿ 1951ರ ಆ ಪ್ರಶ್ನೆಚಿಹ್ನೆಯನ್ನು ತೆಗೆದುಹಾಕಿತು: ಡಿಎನ್‌ಎ, ಹಿಗ್ಗಬಲ್ಲ ಅಣು. ವಿಲ್ಕಿನ್ಸ್ ಕಂಡ ಕುತ್ತಿಗೆಗೆ 45 ವರ್ಷಗಳ ನಂತರ ಉತ್ತರ ಸಿಕ್ಕಿತು. ನಮ್ಮ 50 ಮೈಕ್ರೋಮೀಟರ್ ನಾರಿನಲ್ಲಿ ಪ್ರತಿ ಅಣುವಿಗೆ 65 ಪಿಕೋನ್ಯೂಟನ್ ಬೀಳಲು ಬೇಕಾದ ಭಾರ ಎರಡೂವರೆ ಗ್ರಾಂಗಿಂತ ಚೂರು ಜಾಸ್ತಿ, ಅಷ್ಟೇ. ಕೈಯಲ್ಲಿ ಎಳೆದಾಗ ಅದು ಕಂಡದ್ದರಲ್ಲಿ ಆಶ್ಚರ್ಯವಿಲ್ಲ.

ಉತ್ತರ ಸಿಕ್ಕಿತು ಅಂದೆ, ಪೂರ್ತಿ ಅಲ್ಲ. ಹಾಗೆ ಹಿಗ್ಗಿದ ಡಿಎನ್‌ಎ ಹೊಸದೊಂದು ರೂಪವಾ, ಅಥವಾ ಎಳೆಗಳು ಬಿಚ್ಚಿಹೋದದ್ದಾ? ವರ್ಷಗಟ್ಟಲೆ ಜಗಳ ನಡೆಯಿತು. ಜಗಳಕ್ಕೆ ಕಾರಣ ಲೆಕ್ಕದಲ್ಲೇ ಕಾಣುತ್ತದೆ. 65 ಪಿಕೋನ್ಯೂಟನ್ ಬಲದಲ್ಲಿ ಒಂದು ಮೆಟ್ಟಿಲು 0.24 ನ್ಯಾನೋಮೀಟರ್ ಹಿಗ್ಗಿದರೆ ಆದ ಕೆಲಸ ಸುಮಾರು 15 ಪಿಕೋನ್ಯೂಟನ್-ನ್ಯಾನೋಮೀಟರ್. ಒಂದು ಬೇಸ್ ಜೋಡಿಯನ್ನು ಬಿಚ್ಚಲು ಬೇಕಾದ ಶಕ್ತಿಯೂ ಅದೇ ಅಂದಾಜಿನದು. ಅಂದರೆ ಎರಡು ದಾರಿಗೂ ಒಂದೇ ಬೆಲೆ. ಉಪ್ಪು ಕಡಿಮೆಯಾಗಿ, ಎಳೆಯ ತುದಿಗಳು ಬಿಡಿಯಾಗಿದ್ದರೆ ಬಿಚ್ಚಿಕೊಳ್ಳುವುದೇ ಸುಲಭ. ಉಪ್ಪು ಸಾಕಷ್ಟಿದ್ದು ತುದಿಗಳು ಕಟ್ಟಿದ್ದರೆ ಜೋಡಿ ಉಳಿಸಿಕೊಂಡೇ ಹಿಗ್ಗುವ ರೂಪಕ್ಕೆ ಅವಕಾಶ. ಮತ್ತೆ ಅದೇ ಪಾಡು ನೋಡಿ. ಉದ್ದದ ಗೆರೆ ಒಂದೇ ಥರ ಕಾಣುತ್ತದೆ. ಬಿಚ್ಚಿದ ಜಾಗಕ್ಕೆ ಮಾತ್ರ ಅಂಟುವ ಹೊಳೆಯುವ ಬಣ್ಣ ಹಾಕಿ ನೋಡಿದ ಮೇಲೆಯೇ ಎರಡನ್ನೂ ಬೇರೆ ಮಾಡಲು ಆದದ್ದು.

ಸ್ಕೇಲಿಗೆ ಕಾಣದ ತಿರುಗಾಟ

ನಾರಿನ ಉದ್ದ ಅಳೆಯುವವರ ಕಣ್ಣಿಗೆ ಬೀಳದೇ ನಡೆಯುವ ಸಂಗತಿ ಇನ್ನೊಂದಿದೆ. ಬಿ ರೂಪದಲ್ಲಿ ಸುತ್ತಿಗೆ ಹತ್ತು ಮೆಟ್ಟಿಲು, ಎ ರೂಪದಲ್ಲಿ ಹನ್ನೊಂದು. ಸಾವಿರ ಮೆಟ್ಟಿಲಿನ ಅಣು ಬಿ ಇಂದ ಎ ಗೆ ಹೋದರೆ ಅದರ ಸುತ್ತುಗಳು ನೂರರಿಂದ ತೊಂಬತ್ತೊಂದಕ್ಕೆ ಇಳಿಯುತ್ತವೆ. ಉಳಿದ ಒಂಬತ್ತು ಸುತ್ತು ಎಲ್ಲಿಗೆ ಹೋಯಿತು? ಅಣುವಿನ ತುದಿ ತನ್ನ ಅಕ್ಷದ ಸುತ್ತ ಒಂಬತ್ತು ಸಲ ತಿರುಗಿರಬೇಕು, ಅದೂ ನಾಲ್ಕೂ ಕಡೆ ನೆರೆಯ ಅಣುಗಳು ಒತ್ತಿಕೊಂಡು ನಿಂತಿರುವಾಗ. ಹೊರಗಿನಿಂದ ನೋಡಿದರೆ ನಾರು ನೆಟ್ಟಗೆ ಗಿಡ್ಡವಾಯಿತು, ಅಷ್ಟೇ. ಒಳಗೆ ಕೋಟಿ ಕೋಟಿ ಅಣುಗಳು ಗಿರಗಿರ ಸುತ್ತಿವೆ.

ತಿರುಚನ್ನು ನೇರವಾಗಿ ಅಳೆಯಲು ಮತ್ತೆ ಒಂಟಿ ಅಣುವಿಗೇ ಹೋಗಬೇಕಾಯಿತು. ಅಯಸ್ಕಾಂತ ತಿರುಗಿಸಿ ಮಣಿಯನ್ನು ಸುತ್ತಿಸುವ ಪ್ರಯೋಗಗಳು 1996ರಲ್ಲಿ ಶುರುವಾದವು. ಹತ್ತು ವರ್ಷಗಳ ನಂತರ ಒಂದು ತಮಾಷೆಯ ಸಂಗತಿ ಹೊರಬಿತ್ತು. ಹುರಿ ಹಾಕಿದ ಹಗ್ಗವನ್ನು ಎಳೆದರೆ ಹುರಿ ಬಿಚ್ಚಬೇಕು. ಡಿಎನ್‌ಎಯೂ ಹಾಗೇ ಮಾಡುತ್ತದೆ ಅಂತ ಎಲ್ಲರೂ ಎಣಿಸಿದ್ದರು. ಅಳೆದು ನೋಡಿದರೆ ಅದು ಎಳೆದಾಗ ಇನ್ನಷ್ಟು ತಿರುಚಿಕೊಳ್ಳುತ್ತಿತ್ತು! ಏಣಿ ಎಳೆದಂತೆ ತೆಳುವಾಗುತ್ತದೆ. ಕಂಬಗಳ ಉದ್ದ ಹೆಚ್ಚುಕಡಿಮೆ ಅಷ್ಟೇ ಇರುವುದರಿಂದ, ಸಣ್ಣದಾದ ಸುತ್ತಳತೆಯ ಮೇಲೆ ಅದೇ ಉದ್ದ ಹಿಡಿಸಲು ಹೆಚ್ಚು ಸಲ ಸುತ್ತಬೇಕಾಗುತ್ತದೆ. ಎಳೆತ ಸುಮಾರು 30 ಪಿಕೋನ್ಯೂಟನ್ ದಾಟಿದ ಮೇಲಷ್ಟೇ ಅದು ಹಗ್ಗದ ಬುದ್ಧಿ ಕಲಿತು ಹುರಿ ಬಿಚ್ಚಲು ತೊಡಗುತ್ತದೆ.